ಒಂದಕ್ಷರ, ಒಂದು ಸೊನ್ನೆ

ದೊಡ್ಡ ಪದಗಳ ಅರ್ಥಕ್ಕಾಗಿ ನಿಘಂಟನ್ನು ತೆರೆಯುವವರು ನಮ್ಮಲ್ಲಿ ಅನೇಕರುಂಟು. ಸಣ್ಣ ಪದಗಳ ವಿಷಯದಲ್ಲಿ ಆ ಶ್ರಮವನ್ನು ವಹಿಸುವವರು ವಿರಳ. ಸಂಸ್ಕೃತದ ದೀರ್ಘ ಸಮಾಸವೊಂದು ಎದುರಾದರೆ ವಿದ್ಯಾರ್ಥಿಯು ಅದನ್ನು ಬಿಡಿಸಿ, ವಿಗ್ರಹವಾಕ್ಯ ಹೇಳಿ, ತೃಪ್ತನಾಗುತ್ತಾನೆ. ದಿನ ಬೆಳಗಾದರೆ ನಾಲಗೆಯ ಮೇಲೆ ಹೊರಳುವ ಅಚ್ಚಗನ್ನಡದ ತುಣುಕುಗಳನ್ನು ಮಾತ್ರ ನಾವು ಬಿಡಿಸಿ ನೋಡುವುದಿಲ್ಲ. ಎಂದಾದರೊಮ್ಮೆ ನೋಡಿದರೂ, ಕಿವಿಗೆ ಮೊದಲು ಬಿದ್ದ ಹೋಲಿಕೆಯನ್ನೇ ಹಿಡಿದು ತೀರ್ಪು ಕೊಟ್ಟುಬಿಡುತ್ತೇವೆ. ಈ ವಾರ ಅಂಥದೊಂದು ತುಣುಕನ್ನು ಓದುಗರ ಮುಂದಿಡಬೇಕೆಂದು ನನ್ನ ಅಪೇಕ್ಷೆ. ಅದು ‘ಬೆಂ’. ಒಂದಕ್ಷರ, ಅದರ ಪಕ್ಕದಲ್ಲಿ ಒಂದು ಸೊನ್ನೆ, ಅಷ್ಟೆ.

ಈ ತುಣುಕು ಮೊದಲಲ್ಲಿರುವ ಕೆಲವು ಪದಗಳನ್ನು ಸಾಲಾಗಿ ಬರೆದುಕೊಳ್ಳೋಣ: ಬೆಂಗಾವಲು, ಬೆಂಬಲ, ಬೆಂಬತ್ತು, ಬೆಂಕಿ, ಬೆಂಗಾಡು, ಬೆಂಡೆ, ಬೆಂಚು, ಬೆಂಗಳೂರು. ಬರೆಹದಲ್ಲಿ ಇವೆಲ್ಲ ಒಂದೇ ತಾಯಿಯ ಮಕ್ಕಳಂತೆ ತೋರುತ್ತವೆ. ವಾಸ್ತವವಾಗಿ ಇವು ಒಂದೇ ಛತ್ರದಲ್ಲಿ ರಾತ್ರಿ ಇಳಿದುಕೊಂಡ ಬೇರೆ ಬೇರೆ ಊರುಗಳ ಪ್ರಯಾಣಿಕರು. ಯಾರು ಎಲ್ಲಿಂದ ಬಂದರೆಂಬುದನ್ನು ಅವರ ಮುಖ ನೋಡಿ ಹೇಳುವಂತಿಲ್ಲ, ಕೇಳಿ ತಿಳಿಯಬೇಕು. ಆ ಕೇಳುವ ಕ್ರಮ ಯಾವುದೆಂಬುದೇ ಇಲ್ಲಿನ ವಿಚಾರ.

ಮೊದಲು ಸೊನ್ನೆಯ ಮಾತು. ಕನ್ನಡ ಲಿಪಿಯಲ್ಲಿ ಅನುಸ್ವಾರವು ಬಹಳ ಉಪಕಾರಿಯಾದ ಚಿಹ್ನೆ. ಬರೆಯುವವನ ಶ್ರಮವನ್ನು ಅದು ಕಡಮೆ ಮಾಡುತ್ತದೆ. ಮೊಳೆ ಜೋಡಿಸಿ ಅಚ್ಚುಹಾಕುತ್ತಿದ್ದ ಕಾಲದಲ್ಲಿ ಜೋಡಿಸುವವರ ಶ್ರಮವನ್ನೂ ಕಡಮೆ ಮಾಡಿತು. ಆದರೆ ಉಪಕಾರದ ಜೊತೆಗೆ ಅದು ಒಂದು ಮರೆಯನ್ನೂ ಒಡ್ಡುತ್ತದೆ. ಬೆಂಗಾವಲು ಎನ್ನುವಾಗ ಆ ಸೊನ್ನೆಯ ಉಚ್ಚಾರ ಙಕಾರ. ಬೆಂಚು ಎನ್ನುವಾಗ ಞಕಾರ. ಬೆಂಡೆ ಎನ್ನುವಾಗ ಣಕಾರ. ಬೆಂದ ಎನ್ನುವಾಗ ನಕಾರ. ಬೆಂಬಲ ಎನ್ನುವಾಗ ಮಕಾರ. ವರ್ಣಮಾಲೆಯ ಐದು ಅನುನಾಸಿಕಗಳೂ ‘ಬೆ’ಯ ಪಕ್ಕದ ಈ ಒಂದು ಸೊನ್ನೆಯೊಳಗೆ ಅಡಗಿ ಕುಳಿತಿವೆ. ಮುಂದೆ ಬರುವ ವ್ಯಂಜನ ಯಾವುದೋ ಅದರ ವರ್ಗಕ್ಕೆ ಸೇರಿದ ಅನುನಾಸಿಕವಾಗಿ ಸೊನ್ನೆ ನುಡಿಯುತ್ತದೆ. ಎಂದ ಮೇಲೆ, ಮೂಲದಲ್ಲಿ ಆ ಸ್ಥಾನದಲ್ಲಿ ಯಾವ ವ್ಯಂಜನವಿತ್ತೆಂಬುದನ್ನು ಅದರಿಂದಲೇ ತಿಳಿಯುವುದು ಸಾಧ್ಯವಿಲ್ಲ. ಬೇರೆ ಸಾಕ್ಷಿಗಳನ್ನು ಕರೆಯಬೇಕಾಗುತ್ತದೆ.

ಮೊದಲನೆಯ ಸಾಕ್ಷಿ, ಆ ತುಣುಕಿನ ಜೊತೆಯಲ್ಲಿ ನಿಂತ ಪದ. ಬೆಂಗಾವಲು ಎಂಬುದರಲ್ಲಿ ‘ಗಾವಲು’ ಎಂಬುದು ಕಾವಲು. ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ್ದಾನೆ; ನಮ್ಮ ಶಾಲೆಗಳಲ್ಲಿ ಆದೇಶಸಂಧಿಯೆಂದು ಕಲಿಸುವುದೂ ಅದನ್ನೇ. ಕಾವಲನ್ನು ಬಿಡಿಸಿದ ಮೇಲೆ ಉಳಿಯುವುದು ‘ಬೆನ್’, ಅಂದರೆ ನಮ್ಮ ದೇಹದ ಬೆನ್ನು. ಬೆನ್ನ ಹಿಂದಿನ ಕಾವಲು ಬೆಂಗಾವಲು. ಬೆನ್ನಿಗೆ ನಿಂತ ಬಲ ಬೆಂಬಲ. ಬೆನ್ನನ್ನು ಪತ್ತಿ, ಎಂದರೆ ಹತ್ತಿ, ಬರುವುದು ಬೆಂಬತ್ತುವುದು. ಬೆನ್ನು ಬಿಡದೆ ಕಾಡುವುದು ಬೆಂಬಿಡದೆ ಕಾಡುವುದು. ಹಳಗನ್ನಡದಲ್ಲಿ ಬೆಂಗೊಡು, ಬೆಂಗೊಳ್ ಎಂಬ ಎರಡು ಕ್ರಿಯಾಪದಗಳುಂಟು. ಬೆನ್ನನ್ನು ಕೊಟ್ಟವನು ಓಡುತ್ತಾನೆ. ಬೆನ್ನನ್ನು ಕೊಂಡವನು ಅಟ್ಟಿಸಿಕೊಂಡು ಹೋಗುತ್ತಾನೆ. ಕೊಡುವ ಕೊಳ್ಳುವ ಎರಡು ಮಾತುಗಳಲ್ಲಿ ರಣರಂಗದ ಇಡೀ ವ್ಯಾಪಾರವನ್ನು ಹಿಡಿದಿಟ್ಟ ಆ ಹಳಬರ ಜಾಣ್ಮೆಗೆ ನಾನು ಎಷ್ಟು ಸಲ ತಲೆದೂಗಿದ್ದೇನೋ!

ಈ ಗುಂಪಿನ ಅರ್ಥವಿಸ್ತಾರವನ್ನು ಗಮನಿಸಬೇಕು. ಮೂಲದಲ್ಲಿ ಅದು ದೇಹದ ಒಂದು ಭಾಗ. ಅಲ್ಲಿಂದ ‘ಹಿಂದೆ’ ಎಂಬ ದಿಕ್ಕಿನ ಅರ್ಥ ಹುಟ್ಟಿತು. ‘ಹಿಂಬಾಲಿಸಿ’ ಎಂಬ ಚಲನೆಯ ಅರ್ಥ ಬಂದಿತು. ಕಡೆಗೆ ‘ಆಸರೆ’ ಎಂಬ ಭಾವದ ಅರ್ಥವೂ ಕೂಡಿಕೊಂಡಿತು. ಬೆಂಬತ್ತುವವನು ಶತ್ರು, ಬೆಂಬಲವಾಗುವವನು ಮಿತ್ರ. ಇಬ್ಬರೂ ನಿಲ್ಲುವುದು ಬೆನ್ನ ಹಿಂದೆಯೇ. ಪುಸ್ತಕದ ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚಾಗುವ ನಾಲ್ಕು ಮಾತಿಗೆ ಬೆನ್ನುಡಿ ಎಂಬ ಹೆಸರು ಇದೇ ‘ಬೆನ್’ನಿಂದ ಬಂದಿತು. ಮುನ್ನುಡಿಯ ಎದುರಿಗೆ ಬೆನ್ನುಡಿ: ಕೇಳಿದೊಡನೆ ಅರ್ಥವಾಗುವ ಈ ಪದವನ್ನು ಟಂಕಿಸಿದವರಿಗೆ ಬೆನ್ ಎಂಬ ತುಣುಕಿನ ಬೆಲೆ ತಿಳಿದಿತ್ತು. ರೈತನ ಬೆಳೆಗೆ ಸರ್ಕಾರ ಘೋಷಿಸುವ ಬೆಂಬಲ ಬೆಲೆಯೂ ಅದೇ ಬಗೆಯದು. ಸಂತೆಯಲ್ಲಿ ಧಾರಣೆ ಕುಸಿದಾಗ ಬೆಳೆದವನು ಹಿಂದಕ್ಕೆ ಬೀಳದಂತೆ ಬೆನ್ನಿಗೆ ಕೈಕೊಡುವ ಬೆಲೆ ಅದು. ಕೈ ಎಷ್ಟರಮಟ್ಟಿಗೆ ಬೆನ್ನನ್ನು ಮುಟ್ಟುತ್ತದೆಂಬುದು ಬೇರೆಯ ಪ್ರಶ್ನೆ.

ಈಗ ಬೆಂಗಾಡನ್ನು ನೋಡೋಣ. ಬೆಂಗಾವಲಿನಲ್ಲಿ ಕಾವಲು ಇದ್ದಂತೆ ಇಲ್ಲಿ ಕಾಡು ಇದೆ. ಕಕಾರಕ್ಕೆ ಗಕಾರ ಬಂದಿರುವುದೂ ಹಾಗೆಯೇ. ಆದರೆ ಬೆನ್ನಿಗೂ ಈ ಕಾಡಿಗೂ ಸಂಬಂಧವಿಲ್ಲ. ಬಿಸಿಲಿಗೆ ಬೆಂದು ಒಣಗಿದ ನೆಲ ಬೆಂಗಾಡು. ಇದರ ಬೇರು ‘ಬೇ’ ಎಂಬ ಧಾತು. ಬೇಯುವುದು, ಬೆಂದದ್ದು, ಬೇಯಿಸುವುದು ಎಂದು ಅಡುಗೆಮನೆಯಲ್ಲಿ ದಿನವೂ ಕೇಳುವ ಧಾತು. ಬೆಚ್ಚಗೆ, ಬಿಸಿ, ಬಿಸಿಲು ಎಂಬ ಪದಗಳನ್ನೂ ವಿದ್ವಾಂಸರು ಈ ಬಳಗಕ್ಕೇ ಸೇರಿಸುತ್ತಾರೆ. ಬೆಂಕಿಯೂ ಇಲ್ಲಿಯದೇ. ಅದರಲ್ಲಿ ಕಕಾರವು ಗಕಾರವಾಗದೆ ಉಳಿದುಕೊಂಡಿತೇಕೆಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಕೇಳಿದರೆ ಉತ್ತರ ಸುಲಭ: ಆ ಆದೇಶ ಎರಡು ಪದಗಳು ಸಮಾಸದಲ್ಲಿ ಕೂಡಿದಾಗ ಬರತಕ್ಕದ್ದು, ಬೆಂಕಿ ಸಮಾಸವಲ್ಲ, ಒಂದೇ ಪದ.

ಈ ಎರಡನೆಯ ‘ಬೆಂ’ಗೆ ಹಳಗನ್ನಡದಲ್ಲಿ ಒಂದು ಅಂದವಾದ ಜೋಡಿ ಇತ್ತು. ಕಾದ ನೀರು ಬೆನ್ನೀರು, ಆರಿದ ನೀರು ತಣ್ಣೀರು. ತಣ್ಣೀರು, ತಂಗಾಳಿ, ತಂಗಳು ಎಂದು ‘ತಣ್’ ಇಂದಿಗೂ ನಮ್ಮ ನಡುವೆ ಚೆನ್ನಾಗಿ ಬಾಳಿಕೊಂಡಿದೆ. ಬೆನ್ನೀರನ್ನು ಮಾತ್ರ ನಾಡಿನ ಬಹುಭಾಗದಲ್ಲಿ ಬಿಸಿನೀರು ಎಂಬ ಪದ ಹೊರಕ್ಕೆ ತಳ್ಳಿತು. ಹೀಗಾಗಲು ಕಾರಣವೇನಿರಬಹುದು? ಬೆನ್ನು ಎಂಬ ಇನ್ನೊಂದು ಪದ ಅದೇ ರೂಪದಲ್ಲಿ ಪಕ್ಕದಲ್ಲೇ ಬಲವಾಗಿ ನಿಂತಿದ್ದುದರಿಂದ, ಜನ ಗೊಂದಲಕ್ಕೆ ಎಡೆಯಿಲ್ಲದ ‘ಬಿಸಿ’ಯನ್ನು ಆರಿಸಿಕೊಂಡರೆಂದು ನನ್ನ ಊಹೆ. ಊಹೆಯನ್ನು ಊಹೆಯೆಂದೇ ಹೇಳುತ್ತಿದ್ದೇನೆ; ಈ ಎಚ್ಚರಿಕೆಯ ಅಗತ್ಯ ಮುಂದೆ ತಿಳಿಯುತ್ತದೆ.

ಮೂರನೆಯದೊಂದು ತುಣುಕು ಹೊಸ್ತಿಲಲ್ಲಿಯೇ ನಿಂತಿದೆ. ಅದು ಬಿಳುಪನ್ನು ಹೇಳುವ ‘ಬೆಳ್’. ಬೆಳ್ಳಿ, ಬೆಳ್ಳುಳ್ಳಿ, ಅರಸರ ಬೆಳ್ಗೊಡೆ, ಹುಣ್ಣಿಮೆಯ ಬೆಳ್ದಿಂಗಳು ಇವೆಲ್ಲ ಅದರವು. ಶ್ರವಣಬೆಳ್ಗೊಳದ ಬೆಳ್ಗೊಳ ಎಂದರೆ ಬಿಳಿಯ ಕೊಳ. ಅಲ್ಲಿನ ಶಾಸನಗಳು ಆ ಸ್ಥಳವನ್ನು ಸಂಸ್ಕೃತದಲ್ಲಿ ಶ್ವೇತಸರೋವರ, ಧವಳಸರೋವರ ಎಂದು ಕರೆದಿರುವುದರಿಂದ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಕನ್ನಡದಲ್ಲಿ ಈ ಬೆಳ್ ಸಾಮಾನ್ಯವಾಗಿ ತನ್ನ ಳಕಾರವನ್ನು ಬಿಟ್ಟುಕೊಡುವುದಿಲ್ಲ. ಆದರೆ ಮುಂದೆ ನಕಾರ ಬಂದ ಒಂದು ಕಡೆ ಅದು ಸೋತು ಅನುನಾಸಿಕವಾಗಿದೆ: ಬೆಳ್ ಮತ್ತು ನೆಯ್ ಸೇರಿ ಬೆಣ್ಣೆ. ನೆಯ್ ಎಂದರೆ ತುಪ್ಪ, ಜಿಡ್ಡು. ಬಿಳಿಯ ನೆಯ್ ಬೆಣ್ಣೆ. ಬೆನ್ನು, ಬೆನ್ನೀರು, ಬೆಣ್ಣೆ ಈ ಮೂರರ ನಡುವೆ ನಕಾರ ಣಕಾರಗಳ ಕೂದಲೆಳೆಯ ಅಂತರವಷ್ಟೇ ಉಳಿದಿದೆ, ಮೂಲಗಳಾದರೋ ಮೂರು.

ಇನ್ನು ಈ ಮೂರು ಮನೆಗಳಲ್ಲಿ ಯಾವುದಕ್ಕೂ ಸೇರದ ಪದಗಳು. ಬೆಂಡು, ಬೆಂಡೆ ಇವನ್ನು ‘ಬೆಂ’ ಎಂದು ಕತ್ತರಿಸುವಂತಿಲ್ಲ. ಕತ್ತರಿಸಿದರೆ ಉಳಿದ ಡು, ಡೆಗಳಿಗೆ ಅರ್ಥವಿಲ್ಲ. ಶಾಲೆಯ ಬೆಂಚಂತೂ ಇಂಗ್ಲಿಷಿನಿಂದ ಬಂದು ನಮ್ಮ ಉಕಾರವನ್ನು ಕೊನೆಯಲ್ಲಿ ತೊಟ್ಟುಕೊಂಡು ಕನ್ನಡವಾದದ್ದು. ಬೆನ್ನಿಗೆ ಒರಗು ಇರುವುದರಿಂದ ಬೆಂಚು ಎಂದು ಯಾರಾದರೂ ವ್ಯುತ್ಪತ್ತಿ ಹೇಳಿದರೆ ನಾವು ನಗುತ್ತೇವೆ, ಅದರ ಚರಿತ್ರೆ ನಮಗೆ ಗೊತ್ತಿರುವುದರಿಂದ. ಚರಿತ್ರೆ ಗೊತ್ತಿಲ್ಲದ ಪದಗಳ ವಿಷಯದಲ್ಲಿ ಇದೇ ಬಗೆಯ ವ್ಯುತ್ಪತ್ತಿಯನ್ನು ಗಂಭೀರವಾಗಿ ಕೇಳಿ ತಲೆಯಾಡಿಸುತ್ತೇವೆ. ವ್ಯತ್ಯಾಸ ಇಷ್ಟೇ.

ಎರಡನೆಯ ಸಾಕ್ಷಿ, ಸೋದರಭಾಷೆಗಳು. ತಮಿಳಿನಲ್ಲಿ ಪದಾದಿಯ ವಕಾರವಿರುವ ಕಡೆ ಕನ್ನಡದಲ್ಲಿ ಬಕಾರವಿರುವುದು ಎಲ್ಲರಿಗೂ ತಿಳಿದ ಸಂಗತಿ: ಅವರ ವಿಲ್ ನಮ್ಮ ಬಿಲ್ಲು, ಅವರ ವೇರ್ ನಮ್ಮ ಬೇರು, ಅವರ ವಾಯ್ ನಮ್ಮ ಬಾಯಿ. ಹಾಗೆಯೇ ಅವರು ಬಿಸಿನೀರನ್ನು ವೆನ್ನೀರ್ ಎನ್ನುತ್ತಾರೆ, ಬೆಣ್ಣೆಯನ್ನು ವೆಣ್ಣೆಯ್ ಎನ್ನುತ್ತಾರೆ. ಎರಡು ಅನುನಾಸಿಕಗಳನ್ನು ಎರಡು ಅಕ್ಷರಗಳಲ್ಲಿ ಬರೆದು ಭೇದವನ್ನು ಕಾಪಾಡಿದ್ದಾರೆ. ತೆಲುಗಿನವರು ಇನ್ನೊಂದು ದಾರಿ ಹಿಡಿದರು. ಅವರಲ್ಲಿ ಬೆನ್ನು ವೆನ್ನು, ಬೆಣ್ಣೆ ವೆನ್ನ, ಬೆಳದಿಂಗಳು ವೆನ್ನೆಲ. ಬೆನ್ನೂ ಬಿಳುಪೂ ಅಲ್ಲಿ ಒಂದೇ ಧ್ವನಿಯಲ್ಲಿ ಕರಗಿಹೋಗಿವೆ. ತೆಲುಗನ್ನು ಮಾತ್ರ ಬಲ್ಲವನಿಗೆ ವೆನ್ನು, ವೆನ್ನ, ವೆನ್ನೆಲಗಳು ಒಂದೇ ಬೇರಿನವೆಂದು ತೋರಿದರೆ ಆಶ್ಚರ್ಯವಿಲ್ಲ. ಪಕ್ಕದ ಕನ್ನಡವನ್ನು ಕೇಳಿದರೆ ಭ್ರಮೆ ಕಳೆಯುತ್ತದೆ. ನಮ್ಮ ಭ್ರಮೆಗಳು ಕಳೆಯುವುದೂ ಹಾಗೆಯೇ, ನೆರೆಯವರನ್ನು ಕೇಳಿದಾಗ.

ಒಂದು ನಿದರ್ಶನ ಕೊಡುತ್ತೇನೆ. ಬಿಸಿಲಿನಲ್ಲಿ ದುಡಿದರೆ ಬೆವರು ಬರುತ್ತದೆ. ಆದ್ದರಿಂದ ಬೆವರು ‘ಬೇ’ ಧಾತುವಿನಿಂದ ಹುಟ್ಟಿದ್ದೆಂದು ಹೇಳುವುದು ಬಹಳ ಸುಲಭ. ತಮಿಳಿನಲ್ಲಿ ಬೇಯುವುದಕ್ಕೆ ಎಕಾರದ ‘ವೇ’ ಇದೆ. ಬೆವರಿಗೆ ಇರುವುದು ಇಕಾರದ ‘ವಿಯರ್’. ಅವರ ಎಷ್ಟೋ ಇಕಾರಗಳು, ಮುಂದೆ ಅಕಾರವೋ ಐಕಾರವೋ ಇರುವಾಗ, ನಮ್ಮಲ್ಲಿ ಎಕಾರಗಳಾಗಿವೆ. ಅವರ ವಿಲೈ ನಮ್ಮ ಬೆಲೆ. ಅವರ ವಿಳೈ ನಮ್ಮ ಬೆಳೆ. ಆದ್ದರಿಂದ ಗದ್ದೆಯ ಬೆಳೆಗೂ ಬಿಳುಪಿನ ಬೆಳ್‌ಗೂ, ಮೈಯ ಬೆವರಿಗೂ ಒಲೆಯ ಬೇಗೆಗೂ ಇರುವಂತೆ ತೋರುವ ನಂಟು ಕನ್ನಡದ ಕಿವಿಗಷ್ಟೇ ಕೇಳಿಸುವ ನಂಟು. ಈ ಬಗೆಯ ವಿವೇಚನೆ ಇಂದು ಕೆಲವೇ ಪಂಡಿತರ ಸ್ವತ್ತಾಗಿ ಉಳಿದಿಲ್ಲ. ಕಿಟ್ಟೆಲರ ನಿಘಂಟು 1894ರಲ್ಲಿಯೇ ಹೊರಬಂದಿತು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು 1961ರಲ್ಲಿ ಪ್ರಕಟವಾಗಿ, 1984ರಲ್ಲಿ ಪರಿಷ್ಕೃತ ರೂಪ ಪಡೆಯಿತು. ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ 1995ರ ಹೊತ್ತಿಗೆ ಪೂರ್ಣವಾಯಿತು. ಸಾಮಗ್ರಿ ಸಿದ್ಧವಾಗಿದೆ, ತೆರೆದು ನೋಡುವ ಅಭ್ಯಾಸ ಬೇಕು.

ಮೂರನೆಯ ಸಾಕ್ಷಿ, ಹಳೆಯ ದಾಖಲೆ. ಅದರ ಮಹತ್ತ್ವವನ್ನು ತೋರಿಸುವುದಕ್ಕೆ ನಮ್ಮ ರಾಜಧಾನಿಯ ಹೆಸರಿಗಿಂತ ಒಳ್ಳೆಯ ಉದಾಹರಣೆ ದೊರೆಯದು. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟು ಹಸಿವನ್ನು ತಣಿಸಿದಳು. ಅವನು ಆ ಸ್ಥಳಕ್ಕೆ ಬೆಂದಕಾಳೂರು ಎಂದು ಹೆಸರಿಟ್ಟನು. ಅದೇ ಸವೆದು ಬೆಂಗಳೂರಾಯಿತು. ಈ ಕಥೆಯನ್ನು ಕೇಳದ ಕನ್ನಡ ವಿದ್ಯಾರ್ಥಿ ಇರಲಾರನು. ಆದರೆ ಈಗ ಬೆಂಗಳೂರಿನೊಳಗೇ ಸೇರಿಹೋಗಿರುವ ಬೇಗೂರಿನ ದೇವಸ್ಥಾನದಲ್ಲಿ ಗಂಗರ ಕಾಲದ ವೀರಗಲ್ಲೊಂದಿದೆ. ಸುಮಾರು ಕ್ರಿ.ಶ. 890ರದೆಂದು ಗಣಿಸಲಾದ ಆ ಕಲ್ಲಿನಲ್ಲಿ ‘ಬೆಂಗುಳೂರು’ ಎಂಬ ಹೆಸರು ಆಗಲೇ ಇದೆ. ಅಲ್ಲಿ ನಡೆದ ಕಾಳಗವೊಂದರ ಉಲ್ಲೇಖ ಅದು. ಎರಡನೆಯ ವೀರಬಲ್ಲಾಳನು ಆಳಿದ್ದು 1173ರಿಂದ 1220ರವರೆಗೆ. ಮೂರನೆಯ ಬಲ್ಲಾಳನು ಅವನಿಗೂ ಈಚಿನವನು. ಅರಸನು ಹಸಿಯುವುದಕ್ಕೆ ಇನ್ನೂರೆಂಬತ್ತು ವರ್ಷ ಮೊದಲೇ ಊರಿಗೆ ಹೆಸರಿತ್ತು. ಆ ಕಲ್ಲನ್ನು ನಿಲ್ಲಿಸಿದಾಗ ಹೊಯ್ಸಳ ರಾಜ್ಯವೇ ಇನ್ನೂ ಹುಟ್ಟಿರಲಿಲ್ಲ.

ಹಾಗಾದರೆ ಆ ‘ಬೆಂ’ ಯಾವುದು? ಬೆಂಗಾವಲಿನವರು ಇದ್ದ ಊರು ಬೆಂಗಾವಲೂರು ಎಂದವರಿದ್ದಾರೆ. ತಮಿಳಿನಲ್ಲಿ ವೇಂಗೈ ಎನಿಸಿಕೊಳ್ಳುವ, ನಾವು ಹೊನ್ನೆ ಎನ್ನುವ ಮರದಿಂದ ಹೆಸರು ಬಂದಿತೆಂದವರಿದ್ದಾರೆ. ಮೊದಲನೆಯದಕ್ಕೆ ಗಾವಲಿನ ದೀರ್ಘವೂ ವಕಾರವೂ ಶಾಸನದ ಕಾಲಕ್ಕೇ ಮಾಯವಾದದ್ದು ಹೇಗೆಂದು ತೋರಿಸಬೇಕು. ಎರಡನೆಯದಕ್ಕೆ ‘ವೇಂ’ ಎಂಬ ದೀರ್ಘ ಹ್ರಸ್ವವಾದದ್ದನ್ನೂ, ಅನಂತರದ ‘ಗುಳ್’ ಎಲ್ಲಿಂದ ಬಂದಿತೆಂಬುದನ್ನೂ ವಿವರಿಸಬೇಕು. ವಿವಾದವಿಲ್ಲದೆ ಎಲ್ಲ ವಿದ್ವಾಂಸರೂ ಒಪ್ಪಿದ ನಿಷ್ಪತ್ತಿ ಇಂದಿಗೂ ಇಲ್ಲ. ಅದೇ ಬೇಗೂರಿನ ಹೆಸರು ಹಳೆಯ ಶಾಸನದಲ್ಲಿ ಬೆಂಪೂರು ಎಂದಿರುವುದನ್ನು ನೋಡಿದರೆ, ಆ ಪ್ರಾಂತದಲ್ಲಿ ‘ಬೆಂ’ ಒಂದೇ ಊರಿಗೆ ಸೇರಿದ ಸೊತ್ತಾಗಿರಲಿಲ್ಲವೆಂಬುದೂ ಸ್ಪಷ್ಟವಾಗುತ್ತದೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ಈ ನಗರದ ಹೆಸರನ್ನು ಕನ್ನಡದ ರೂಪದಲ್ಲಿಯೇ ಬರೆಯುವುದು ಅಧಿಕೃತವಾಯಿತು. ಹೆಸರನ್ನು ಸರಿಯಾಗಿ ಬರೆಯುವುದಕ್ಕೆ ಅಷ್ಟು ಆಸ್ಥೆ ತೋರಿದ ನಾವು, ಅದರ ಚರಿತ್ರೆಯನ್ನು ಸರಿಯಾಗಿ ಹೇಳುವುದಕ್ಕೂ ಅಷ್ಟೇ ಆಸ್ಥೆ ತೋರಬೇಡವೆ?

ಬೆಂದ ಕಾಳಿನ ಕಥೆಯನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಅರಸನೂ ಹಸಿಯುತ್ತಾನೆ, ಬಡವಿಯೂ ಉಣಬಡಿಸಬಲ್ಲಳು ಎಂಬ ಸತ್ಯ ಅದರಲ್ಲಿದೆ. ಅದಕ್ಕಾಗಿ ಆ ಕಥೆ ಬಾಳಲಿ. ಅದು ಇನ್ನೊಂದನ್ನೂ ಕಲಿಸುತ್ತದೆ. ಜನಸಾಮಾನ್ಯರು ಒಂದು ಹೆಸರಿನ ಅರ್ಥವನ್ನು ಹುಡುಕುವಾಗ ತಮ್ಮ ಕೈಗೆ ಎಟುಕುವ, ದಿನಬಳಕೆಯ ಪದದ ಕಡೆಗೇ ತಿರುಗುತ್ತಾರೆ. ಒಲೆಯ ಮೇಲೆ ದಿನವೂ ಏನಾದರೂ ಬೇಯುತ್ತಿರುವ ಮನೆಯಲ್ಲಿ ‘ಬೆಂ’ ಎಂದೊಡನೆ ಬೆಂದದ್ದೇ ನೆನಪಾಗುತ್ತದೆ. ಅದು ಸಹಜ. ಕಥೆಯನ್ನು ಕಥೆಯಾಗಿ ಹೇಳಿ, ಶಾಸನವನ್ನು ಶಾಸನವಾಗಿ ತೋರಿಸುವುದು ಉಪಾಧ್ಯಾಯರ ಕರ್ತವ್ಯ. ಎರಡನ್ನೂ ಕಲಸಿ ಕೊಟ್ಟರೆ ವಿದ್ಯಾರ್ಥಿಗೆ ಕಥೆಯ ಸೊಗಸೂ ದಕ್ಕದು, ಚರಿತ್ರೆಯ ನಿಷ್ಠುರತೆಯೂ ದಕ್ಕದು.

ಇಷ್ಟು ಸಣ್ಣ ತುಣುಕಿಗೆ ಇಷ್ಟು ದೊಡ್ಡ ಚರ್ಚೆ ಬೇಕೆ ಎಂದು ಕೇಳುವವರು ಇದ್ದಾರು. ನನ್ನ ಉತ್ತರ ಇದು. ಪದಗಳ ಹುಟ್ಟಿನ ವಿಷಯದಲ್ಲಿ ಕಿವಿಯ ಹೋಲಿಕೆಯನ್ನೇ ಪ್ರಮಾಣವೆಂದು ನಂಬುವ ಮನಸ್ಸು ಅಲ್ಲಿಗೇ ನಿಲ್ಲುವುದಿಲ್ಲ. ಊರ ಹೆಸರು, ಕುಲದ ಹೆಸರು, ದೇವರ ಹೆಸರು ಎಲ್ಲವನ್ನೂ ತನಗೆ ಬೇಕಾದ ಕಡೆಗೆ ಎಳೆಯುತ್ತದೆ. ಎಳೆದು, ಈ ನೆಲ ಯಾರದು, ಈ ಊರನ್ನು ಮೊದಲು ಕಟ್ಟಿದವರು ಯಾರು ಎಂಬ ಜಗಳಗಳಿಗೆ ಅದನ್ನೇ ಆಧಾರವಾಗಿ ಒಡ್ಡುತ್ತದೆ. ಗಡಿಯ ಊರುಗಳಲ್ಲಿ ಹೆಸರಿನ ಒಂದೊಂದು ಅಕ್ಷರವನ್ನೂ ಹಿಡಿದು ವಾದಿಸುವವರನ್ನು ನಾವು ಕಂಡಿದ್ದೇವೆ. ‘ಬೆಂ’ನಂಥ ಒಂದು ತುಣುಕಿನಲ್ಲಿಯೇ ಮೂರು ಮೂಲಗಳು ಕೂಡಿಕೊಳ್ಳುವುದನ್ನೂ, ನಾಲ್ಕನೆಯ ಕಡೆ ನಿರ್ಣಯ ಸಾಧ್ಯವಾಗದಿರುವುದನ್ನೂ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಒಮ್ಮೆ ಕಂಡ ವಿದ್ಯಾರ್ಥಿ, ಮುಂದೆ ಅಂಥ ವಾದಗಳನ್ನು ಕೇಳಿದಾಗ ಆಧಾರವೇನೆಂದು ಕೇಳುವ ಸಂಭವವುಂಟು.

ಹಾಗೆಂದು ಮೂಲಾರ್ಥವನ್ನೇ ಕೋಲಾಗಿ ಹಿಡಿದು ಬಳಕೆಯನ್ನು ದಂಡಿಸಹೊರಡುವುದೂ ಸಲ್ಲದು. ಮಂತ್ರಿಗಳ ಬೆಂಗಾವಲು ವಾಹನ ಇಂದು ಎಷ್ಟೋ ಸಲ ಅವರ ಮುಂದೆಯೇ ಓಡುತ್ತದೆ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ನಿಂತವರೂ ಬೆಂಬಲ ಸೂಚಿಸುತ್ತಾರೆ. ಬೆನ್ನೆಂಬ ಅರ್ಥ ಅಲ್ಲಿ ಮಸುಕಾಗಿ, ಕಾಪಾಡುವುದು, ಒಪ್ಪಿ ನಿಲ್ಲುವುದು ಎಂಬ ಅರ್ಥವಷ್ಟೇ ಉಳಿದಿದೆ. ಭಾಷೆ ಬದುಕುವ ರೀತಿಯೇ ಅದು. ಬಳಸುವವನು ಸ್ವತಂತ್ರನು, ವಿವರಿಸಹೊರಟವನು ಮಾತ್ರ ಸಾಕ್ಷ್ಯಕ್ಕೆ ಬದ್ಧನು.

ಕನ್ನಡ ಕಲಿಸುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ವ್ಯಾಕರಣದ ಒಂದು ಗಂಟೆಯನ್ನು ಈ ತುಣುಕಿಗೆ ಕೊಡಿ. ಕಪ್ಪುಹಲಗೆಯ ಮೇಲೆ ‘ಬೆಂ’ ಮೊದಲಾದ ಹತ್ತು ಪದಗಳನ್ನು ಬರೆದು, ಯಾವುದು ಬೆನ್ನಿನದು, ಯಾವುದು ಬೇಗೆಯದು, ಯಾವುದು ಎರಡೂ ಅಲ್ಲ ಎಂದು ಮಕ್ಕಳಿಂದಲೇ ವಿಂಗಡಿಸಿರಿ. ಮನೆಯಲ್ಲಿ ತಮಿಳೋ ತೆಲುಗೋ ತುಳುವೋ ಆಡುವ ಮಕ್ಕಳು ತರಗತಿಯಲ್ಲಿದ್ದರೆ ತಮ್ಮ ಮಾತಿನಲ್ಲಿ ಅದಕ್ಕೆ ಏನೆನ್ನುತ್ತಾರೆಂದು ಅವರನ್ನು ಕೇಳಿರಿ. ಆ ದಿನ ಅವರೇ ತರಗತಿಯ ಪಂಡಿತರಾಗಲಿ. ಕೊನೆಯಲ್ಲಿ ಬೆಂಗಳೂರಿನ ಹೆಸರನ್ನು ಬರೆದು, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ ಹಾಗೆಯೇ ಬಿಡಿ. ಉತ್ತರವಿಲ್ಲದ ಪ್ರಶ್ನೆಯೊಂದನ್ನು ಮನೆಗೆ ಕೊಂಡೊಯ್ದ ಮಕ್ಕಳಲ್ಲಿ ಒಬ್ಬರಾದರೂ ಮುಂದೊಂದು ದಿನ ಶಾಸನಗಳ ಕಡೆಗೆ ತಿರುಗಿದರೆ, ಆ ಗಂಟೆ ಸಾರ್ಥಕವಾದಂತೆ.